ಬಾಗಿಲ ಹಿಂದಿನ ಪಾಠ

ತೋಟಪ್ಪ ಎರಡನೆಯ ರೊಟ್ಟಿಗೇ ಕೈ ತೊಳೆದುಕೊಂಡಾಗ ಯಾರ್ಡಿನಲ್ಲಿ ಏನೋ ಆಗಿದೆ ಎಂದು ಕೊಟ್ರಮ್ಮನಿಗೆ ಗೊತ್ತಾಯಿತು. ನಾಲ್ಕು ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ ಆಗದೆ ಏಳುವ ಆಸಾಮಿಯಲ್ಲ ಅವಳ ಗಂಡ. ಇಪ್ಪತ್ತೊಂಬತ್ತು ವರ್ಷ ಬಡಿಸಿದವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

“ಪುಂಡಿಪಲ್ಯ ಉಪ್ಪಾತೇನ್ರಿ?”

“ಪಲ್ಯ ಸರಿ ಐತಿ.”

“ಮತ್ತ?”

“ಮತ್ತೇನಿಲ್ಲ. ಐವತ್ಮೂರು ವರ್ಷಕ್ಕ ನನ್ನ ಸಾಲಿಗೆ ಹಾಕ್ಯಾರ.”

ಹೊಸಪೇಟೆಯ ಹೊರಗೆ, ಸಂಡೂರು ರಸ್ತೆಯಲ್ಲಿ ಎರ್ರೆಪ್ಪ ಸಾಹುಕಾರರ ಅದಿರಿನ ಯಾರ್ಡಿತ್ತು. ಗುಡ್ಡದಿಂದ ಟಿಪ್ಪರುಗಳು ತಂದು ಸುರಿದ ಅದಿರು ಅಲ್ಲಿ ರಾಶಿ ಬಿದ್ದು, ರೈಲಿನ ವ್ಯಾಗನ್ನು ತುಂಬಿ, ಚೆನ್ನೈ ಬಂದರಿಗೆ ಹೋಗಿ, ಅಲ್ಲಿಂದ ಚೀನಾ ಸೇರುತ್ತಿತ್ತು. ಯಾವ ರಾಶಿಯಲ್ಲಿ ನೂರಕ್ಕೆ ಎಷ್ಟು ಪಾಲು ಕಬ್ಬಿಣವಿದೆ ಎಂದು ಹೇಳುವುದು ತೋಟಪ್ಪನ ಕೆಲಸ. ಅವನು ಒಂದು ಮುಷ್ಟಿ ಪುಡಿ ಎತ್ತಿ ಅಂಗೈಯಲ್ಲಿ ತೂಗುತ್ತಿದ್ದ, ಹೆಬ್ಬೆರಳಿನಲ್ಲಿ ತಿಕ್ಕುತ್ತಿದ್ದ, ಒಂದು ಹರಳನ್ನು ಬಚ್ಚಲ ಟೈಲಿನ ಹಿಂಬದಿಗೆ ಗೀಚಿ ಗೆರೆಯ ಬಣ್ಣ ನೋಡುತ್ತಿದ್ದ. ಆಮೇಲೆ ಅರವತ್ಮೂರೂವರೆ ಅಂದರೆ ಅರವತ್ಮೂರೂವರೆ. ಇಪ್ಪತ್ತೊಂದು ವರ್ಷದಲ್ಲಿ ಅವನ ಮಾತು ಅರ್ಧ ಪಾಯಿಂಟಿಗಿಂತ ಹೆಚ್ಚು ತಪ್ಪಿರಲಿಲ್ಲ. ಯಾರ್ಡಿನವರು ಅವನನ್ನು ಗ್ರೇಡ್ ತೋಟಪ್ಪ ಎನ್ನುತ್ತಿದ್ದರು. ಆ ಹೆಸರು ಅವನ ಕಿವಿಗೂ ಹಿತವಾಗಿತ್ತು.

ಈಗ ಎರಡು ಸಾವಿರದ ಆರನೆಯ ಇಸವಿಯ ಆಷಾಢ. ಚೀನಾದವರು ಎಷ್ಟು ಕೊಟ್ಟರೂ ಸಾಲದು ಎನ್ನುತ್ತಿದ್ದರು. ಆದರೆ ಮುಷ್ಟಿಯ ಮಾತು ಬೇಡ, ಕಾಗದದ ಮೇಲೆ ರಿಪೋರ್ಟು ಬೇಕು ಎಂದೂ ಹೇಳುತ್ತಿದ್ದರು. ಸಾಹುಕಾರರು ಯಾರ್ಡಿನ ಮೂಲೆಯಲ್ಲಿ ಒಂದು ಲ್ಯಾಬು ಕಟ್ಟಿಸಿದರು. ಮ್ಯಾನೇಜರ್ ಪಂಪಣ್ಣ ತೋಟಪ್ಪನನ್ನು ಕರೆದು, ಅದಿರನ್ನು ಆಸಿಡ್ಡಿನಲ್ಲಿ ಕರಗಿಸಿ ಗಾಜಿನ ಕೊಳವೆಯಿಂದ ಹನಿ ಬಿಟ್ಟು ಗ್ರೇಡು ತೆಗೆಯುವುದನ್ನು ಮೂರು ತಿಂಗಳಲ್ಲಿ ಕಲಿಯಬೇಕು ಎಂದ. ಮಹಾನವಮಿಯ ಹೊತ್ತಿಗೆ ಚೆನ್ನೈಯಿಂದ ಒಬ್ಬ ಬಂದು ಪರೀಕ್ಷೆ ಮಾಡುತ್ತಾನೆ. ಪಾಸಾದರೆ ಲ್ಯಾಬು.

“ಆಗದಿದ್ರ?” ಕೊಟ್ರಮ್ಮ ಕೇಳಿದಳು.

“ಗೇಟಿಗೆ. ಲಾರಿ ಬಂದ್ರ ಬಿದಿರು ಎತ್ತಬೇಕು, ಹೋದ್ರ ಇಳಸಬೇಕು.”

ಮಗ ಈಶ್ವರ್ ಅದೇ ಯಾರ್ಡಿನಲ್ಲಿ ಟಿಪ್ಪರುಗಳ ಸೂಪರ್‌ವೈಸರು. ತಟ್ಟೆಯಿಂದ ತಲೆ ಎತ್ತದೆ ಹೇಳಿದ.

“ಅದೇನ್ ದೊಡ್ಡದಲ್ಲಪ್ಪಾ. ಟೈಟ್ರೇಷನ್ ಅಂತಾರ. ಪೂಜಿತಾ ಬಿಎಸ್ಸಿಯಾಗ ಅದನ್ನ ಮಾಡ್ಯಾಳ. ಆಕೀನ ಹೇಳಿಕೊಡ್ತಾಳ.”

ಅಡುಗೆಮನೆಯ ಬಾಗಿಲ ಹಿಂದೆ ಅವನ ಹೆಂಡತಿ ಪೂಜಿತಾ ರೊಟ್ಟಿ ಬಡಿಯುವ ಸದ್ದು ನಿಂತಿತು.

ಸುಮ್ಮನೆ ನಿಲ್ಲಲಿಲ್ಲ ಅದು. ಒಂದು ತಿಂಗಳ ಹಿಂದೆ ಸಂಡೂರಿನ ಒಂದು ಕಂಪನಿಯ ಲ್ಯಾಬಿಗೆ ಅರ್ಜಿ ಹಾಕುತ್ತೇನೆ ಎಂದು ಪೂಜಿತಾ ಅತ್ತೆಯ ಕೈಲಿ ಮಾವನಿಗೆ ಕೇಳಿಸಿದ್ದಳು. ‘ನಮ್ಮ ಮನಿ ಹೆಣ್ಮಕ್ಕಳು ಮೈನ್ಸಿಗೆ ದುಡಿಯಾಕ ಹೋಗಂಗಿಲ್ಲ ಅಂತ ನಿನ್ನ ಸೊಸಿಗೆ ಹೇಳು’ ಎಂದು ಮಾವ ಅತ್ತೆಯ ಕೈಲೇ ಉತ್ತರ ಕಳಿಸಿದ್ದ. ಕಾಲೇಜಿನ ಸರ್ಟಿಫಿಕೇಟು ಮತ್ತೆ ಟ್ರಂಕಿನ ತಳ ಸೇರಿತ್ತು.

ಎಲ್ಲವೂ ಕೊಟ್ರಮ್ಮನ ಕೈಲೇ ಹೋಗಬೇಕು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಕೊಟ್ರಮ್ಮನೂ ತನ್ನ ಮಾವ ಸಾಯುವವರೆಗೆ ಅವನ ಜೊತೆ ನೇರ ನಾಲ್ಕು ಮಾತು ಆಡಿದವಳಲ್ಲ. ಪೂಜಿತಾ ಕಂಪ್ಲಿಯಿಂದ ಬಂದ ಮೊದಲ ದಿನವೇ ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲ ಮರೆ ಸೇರಿದ್ದಳು. ತೋಟಪ್ಪನಿಗೆ ನೀರು ಬೇಕಾದರೆ ಹೆಂಡತಿಗೆ ಹೇಳುತ್ತಿದ್ದ, ಹೆಂಡತಿ ಸೊಸೆಗೆ ಹೇಳುತ್ತಿದ್ದಳು, ಸೊಸೆ ಲೋಟವನ್ನು ಅತ್ತೆಯ ಕೈಗೆ ಕೊಡುತ್ತಿದ್ದಳು. ಹೊಸಪೇಟೆಯ ಚಿತ್ತವಾಡಗಿಯಲ್ಲಿದ್ದ ಆ ಮನೆಯ ಉದ್ದವೇ ಮೂವತ್ತು ಅಡಿ. ಮೂವರೂ ಸಾಮಾನ್ಯವಾಗಿ ಹತ್ತು ಅಡಿಯೊಳಗೇ ಇರುತ್ತಿದ್ದರು.

“ಸೊಸಿ ಕೈಲಿ ಪಾಠ ಹೇಳಿಸ್ಕೊಂಡ ಅಂತ ನಾಳೆ ಯಾರ್ಡಿನಾಗ ಆಡಿಕೊಳ್ಳಾಕ?” ಎಂದ ತೋಟಪ್ಪ.

“ಗೇಟಿನಾಗ ನಿಂತ್ರ ಆಡಿಕೊಳ್ಳಂಗಿಲ್ಲೇನು?” ಎಂದ ಈಶ್ವರ್. ಆ ಮನೆಯಲ್ಲಿ ಅವನು ಧೈರ್ಯವಾಗಿ ಆಡಿದ ಮಾತು ಅದೊಂದೇ ಇರಬೇಕು.

ಮೂರು ದಿನ ತೋಟಪ್ಪ ಬಿಗಿಯಾಗಿದ್ದ. ಇತ್ತ ಅಡುಗೆಮನೆಯಲ್ಲಿ ಪೂಜಿತಾ ಅದಕ್ಕಿಂತ ಬಿಗಿಯಾಗಿದ್ದಳು.

“ನಂಗ ಬ್ಯಾಡ ಅಂದ ಕೆಲಸಾನ ಅವರಿಗೆ ನಾ ಕಲಿಸಬೇಕಾ ಅತ್ತಿ?”

“ಸಿಟ್ಟು ನಿಂಗ ಬರಬೇಕಾದ್ದ. ಆದ್ರೂ ಕಲಸವ್ವ. ಪಾಸಾದ್ರ ನೀನು ಅರ್ಜಿ ಹಾಕಾಕ ಹೂಂ ಅನ್ನಸ್ತೀನಿ.”

“ಅವರು ಅಂತಾರಾ?”

“ನಾ ಅನ್ನಸ್ತೀನಿ.”

ಅನ್ನಿಸಿದಳು ಕೂಡ. ಎಣ್ಣೆ ಹಚ್ಚುವಾಗ, ಹಾಸಿಗೆ ಹಾಸುವಾಗ, ಎಲೆ ಅಡಿಕೆ ಕೊಡುವಾಗ ಅದೇ ಮಾತು ತೆಗೆದು ತೆಗೆದು ಗಂಡನ ತಲೆ ತಿಂದಳು. ನಾಲ್ಕನೆಯ ದಿನ ತೋಟಪ್ಪ, “ಆತು, ನಾ ಪಾಸಾದ್ರ ಆಕಿ ಅರ್ಜಿ ಹಾಕ್ಲಿ” ಎಂದ. ಬಾಗಿಲ ಹಿಂದೆ ಪೂಜಿತಾ ಅದನ್ನು ತನ್ನ ಕಿವಿಯಿಂದಲೇ ಕೇಳಿಸಿಕೊಂಡಳು. ಆದರೂ ಕೊಟ್ರಮ್ಮ ಒಳಗೆ ಬಂದು ಅದನ್ನೇ ಇನ್ನೊಮ್ಮೆ ಹೇಳಿದಳು, ಪದ್ಧತಿ ಇರಬೇಕಲ್ಲ.

ಶ್ರಾವಣದಲ್ಲಿ ಪಾಠ ಸುರುವಾಯಿತು. ಪಂಪಣ್ಣ ಒಂದು ಹಳೆಯ ಗಾಜಿನ ಕೊಳವೆಯನ್ನೂ ಅದರ ಕಬ್ಬಿಣದ ಸ್ಟ್ಯಾಂಡನ್ನೂ ಮನೆಗೆ ಒಯ್ಯಲು ಬಿಟ್ಟಿದ್ದ. ಬ್ಯೂರೆಟ್ ಅಂತ ಅದರ ಹೆಸರು. ಮೈಮೇಲೆ ಸಣ್ಣ ಗೆರೆ, ಅಂಕಿ. ಕೆಳಗೆ ಒಂದು ತಿರುಪು. ಮನೆಗೆ ಆಸಿಡ್ಡು ತರುವಂತಿಲ್ಲ. ಅದಕ್ಕೆ ಪೂಜಿತಾ ಅಡುಗೆಮನೆಯಲ್ಲೇ ದಾರಿ ಹುಡುಕಿದಳು. ಸುಣ್ಣದ ತಿಳಿಯನ್ನು ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ಅಳೆದು ಗಾಜಿನ ಲೋಟಕ್ಕೆ ಹಾಕಿ, ಚಿಟಿಕೆ ಅರಿಸಿನ ಬೆರೆಸಿದಳು, ನೀರು ಕೆಂಪಾಯಿತು. ಕೊಳವೆಗೆ ಸೋಸಿ, ಬಹಳ ನೀರು ಬೆರೆಸಿದ ನಿಂಬೆರಸ ತುಂಬಿದಳು. ಹನಿ ಹನಿಯಾಗಿ ಬಿಡುತ್ತಾ ಹೋದರೆ ಕೆಂಪು ಹೋಗಿ ಹಳದಿಯಾಗುತ್ತದೆ. ಹಳದಿಯಾದ ಆ ಒಂದು ಹನಿಗೇ ನಿಲ್ಲಿಸಿ ಕೊಳವೆಯ ಅಂಕಿ ಓದಬೇಕು. ಲ್ಯಾಬಿನಲ್ಲೂ ಇಷ್ಟೇ, ಅಲ್ಲಿ ಬಣ್ಣ ಹಸಿರಿನಿಂದ ನೇರಳೆಗೆ ತಿರುಗುತ್ತದೆ, ಅಷ್ಟೇ ವ್ಯತ್ಯಾಸ.

ಸಂಜೆ ಏಳಕ್ಕೆ ತೋಟಪ್ಪ ಪಡಸಾಲೆಯಲ್ಲಿ ಸ್ಟೂಲಿನ ಮುಂದೆ ಕೂರುತ್ತಿದ್ದ. ಪೂಜಿತಾ ಬಾಗಿಲ ಹಿಂದೆ. ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೊಟ್ರಮ್ಮ.

“ಅತ್ತಿ, ಕಣ್ಣು ಅಂಕಿ ಸಮಕ್ಕ ಇರಬೇಕು ಅನ್ರಿ. ಮ್ಯಾಲಿಂದ ನೋಡಬಾರದು.”

“ಕಣ್ಣು ಅಂಕಿ ಸಮಕ್ಕ ಇರಬೇಕಂತ್ರಿ.”

“ಕೇಳ್ತು. ನಾನೇನ್ ಕಿವುಡನಾ?”

“ಅತ್ತಿ, ತಿರುಪು ಅಷ್ಟು ಬಿಡಬಾರದು ಅನ್ರಿ.”

“ತಿರುಪು ಅಷ್ಟು ಬಿಡಬಾರದಂತ್ರಿ.”

“ನಿನ್ನ ಸೊಸಿಗೆ ಹೇಳು, ಜಲ್ದಿ ಆಗೋ ಕೆಲಸಾನ ಯಾಕ ನಿಧಾನ ಮಾಡಬೇಕು ಅಂತ.”

ಈಶ್ವರ್ ಟಿವಿಯ ಸದ್ದು ಸಣ್ಣ ಮಾಡಿ ನಗು ತಡೆಯುತ್ತಿದ್ದ. ಮೊದಮೊದಲು ಎಲ್ಲರಿಗೂ ಅದು ತಮಾಷೆಯೇ ಆಗಿತ್ತು.

ಎರಡನೆಯ ವಾರ ಪೂಜಿತಾಳ ಮುಖ ಗಂಭೀರವಾಯಿತು. ಮಾವ ಕೊಳವೆಗೆ ಕೈ ಹಾಕುವ ಮೊದಲೇ ಲೋಟದೊಳಗೆ ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿ, “ಹದಿನೈದು ಬರ್ತೈತಿ” ಎನ್ನುತ್ತಿದ್ದ. ಆಮೇಲೆ ತಿರುಪು ಬಿಟ್ಟು ಸರಿಯಾಗಿ ಹದಿನೈದಕ್ಕೇ ನಿಲ್ಲಿಸುತ್ತಿದ್ದ. ಲೋಟದಲ್ಲಿ ಬಣ್ಣ ಏನಿದೆ ಎಂಬುದರ ಕಡೆ ಅವನ ಲಕ್ಷ್ಯವೇ ಇರಲಿಲ್ಲ.

“ಇನ್ನೂ ಕೆಂಪಗ ಐತಲ್ರಿ,” ಎಂದಳು ಕೊಟ್ರಮ್ಮ.

“ಬಲ್ಬಿನ ಬೆಳಕಿಗೆ ಹಂಗ ಕಾಣ್ತೈತಿ. ನಿಂಗೇನ್ ತಿಳೀತೈತಿ, ಅಕ್ಕಿ ಆರಸು.”

ಬಾಗಿಲ ಹಿಂದಿನಿಂದ ಪೂಜಿತಾ ಮೆಲ್ಲಗೆ, ಅತ್ತೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. “ಅತ್ತಿ, ಮಾವಾರು ಕೈ ನಂಬೋದು ಬಿಡಬೇಕು ಅನ್ರಿ. ಮಾಡೋಕಿಂತ ಮೊದಲ ಇಷ್ಟ ಬರ್ತೈತಿ ಅಂದುಕೊಂಡು ಕುಂತ್ರ ಇದು ಸುಳ್ಳ ಹೇಳ್ತೈತಿ. ಪರೀಕ್ಷೆದಾಗ ಇಲ್ಲಾಂದ್ರೂ ಎಂದಾರ ಒಂದಿನ ಸಿಕ್ಕಿ ಬೀಳ್ತಾರ. ಇದೊಂದು ಮಾತು ಹೇಳ್ರಿ.”

ಕೊಟ್ರಮ್ಮ ಗಂಡನ ಮುಖ ನೋಡಿದಳು. ಕೈ ನಂಬೋದು ಬಿಡ್ರಿ ಎಂದು ಗ್ರೇಡ್ ತೋಟಪ್ಪನಿಗೆ ಹೇಳುವುದೆಂದರೆ ಸ್ಟೂಲು, ಕೊಳವೆ, ಪಾಠ ಎಲ್ಲ ಅಂಗಳಕ್ಕೆ ಹೋಗುತ್ತವೆ. ಅದರ ಹಿಂದೆ ಸೊಸೆಯ ಅರ್ಜಿಯೂ ಹೋಗುತ್ತದೆ.

“ಸ್ವಲ್ಪ ನಿಧಾನಾಗಿ ಮಾಡಬೇಕಂತ್ರಿ,” ಎಂದಳು.

“ಆತು, ಆತು.”

ತನ್ನ ಮಾತು ಬದಲಾಗಿ ಹೋದದ್ದು ಪೂಜಿತಾಳಿಗೂ ಕೇಳಿಸಿತ್ತು. ಹೊರಗೆ ಬಂದು ಸರಿಪಡಿಸುವಂತಿರಲಿಲ್ಲ.

ಆದರೆ ಆ ಮನೆಯಲ್ಲಿ ಒಬ್ಬರು ನಿಜವಾಗಿ ಕಲಿಯುತ್ತಿದ್ದರು. ಮಧ್ಯಾಹ್ನ ಗಂಡಸರು ಯಾರ್ಡಿಗೆ ಹೋದ ಮೇಲೆ, ಒಗೆದ ಬಟ್ಟೆಯ ಮೇಲೆ ಕೂತ ಕೆಂಪು ಧೂಳು ಜಾಡಿಸಿ ಒಳಗೆ ತಂದು, ಕೊಟ್ರಮ್ಮ ಸ್ಟೂಲಿನ ಮುಂದೆ ಕೂತಳು. “ನೋಡೂಣು ತಡಿ, ನಾನೂ ಒಂದು ಕೈ” ಎಂದಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅಂಕಿ ಬರುತ್ತಿತ್ತು, ಪಾಯಿಂಟಿನ ಲೆಕ್ಕ ಗೊತ್ತಿರಲಿಲ್ಲ. ಎರಡು ದೊಡ್ಡ ಗೆರೆಯ ನಡುವೆ ಹತ್ತು ಸಣ್ಣ ಪಾಲು ಇರುತ್ತವೆ ಎಂದು ಪೂಜಿತಾ ತೋರಿಸಿದಳು. ಸೀರೆಯ ಅಂಚಿನ ಎಳೆ ಎಣಿಸಿದವಳಿಗೆ ಅದೇನು ಕಷ್ಟ?

ಕೊಟ್ರಮ್ಮನ ಕೈಗೆ ಅವಸರ ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇರಲಿಲ್ಲ.

“ಇದ್ಯಾಕ ಹಿಂಗಾತು?”

“ಲೋಟ ಅಲ್ಲಾಡಸ್ಲಿಲ್ಲ ನೀವು.”

“ಮತ್ತ ಮಾಡ್ತೀನಿ.”

ಮೂರು ಲೋಟ ಮಾಡಿದಳು. ಹದಿನಾರು ಪಾಯಿಂಟ್ ನಾಲ್ಕು, ಹದಿನಾರು ಪಾಯಿಂಟ್ ನಾಲ್ಕು, ಹದಿನಾರು ಪಾಯಿಂಟ್ ನಾಲ್ಕು. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಗೆ ಇದ್ದಲಿನಿಂದ ಮೂರು ಸಲ ಬರೆದು, ಹಿಂದೆ ಸರಿದು ನಿಂತು ನೋಡಿದಳು.

“ಯಾಕತ್ತಿ, ಕಣ್ಣಾಗ ನೀರು?”

“ನಿಂಬಿ ರಸ ಸಿಡೀತು,” ಎಂದಳು ಕೊಟ್ರಮ್ಮ. ಆಮೇಲೆ ಹೇಳಿದಳು, “ನನ್ನ ಸಾರು ಒಂದಿನ ಉಪ್ಪು, ಒಂದಿನ ಖಾರ ಅಂತ ಅನ್ನಿಸ್ಕೊಂಡ ಇಷ್ಟು ವರ್ಷ ಆದ್ವು. ಮೂರು ಸಲ ಒಂದ ತರ ಬಂದಿದ್ದು ಇದ ಮೊದಲು. ಸರಿ ಐತಿ ಅಂತ ಯಾರ್ನೂ ಕೇಳೋದೂ ಬ್ಯಾಡ.”

ಮಹಾನವಮಿಗೆ ಎಂಟು ದಿನ ಇರುವಾಗ ಚೆನ್ನೈಯವನು ಬಂದ. ಮೂರು ಪೊಟ್ಟಣ ಕೊಟ್ಟ. ಮೂರೂ ಅದೇ ಗುಡ್ಡದ ಅದಿರು. ತೋಟಪ್ಪ ಪೊಟ್ಟಣ ಬಿಚ್ಚುವಾಗಲೇ ಬೆರಳಲ್ಲಿ ಒಂದಿಷ್ಟು ತಿಕ್ಕಿ ನೋಡಿ, ಕೊಳವೆಯನ್ನು ಆ ಅಂಕಿಗೇ ತಂದು ನಿಲ್ಲಿಸಿದ. ಮೂರೂ ಸರಿ ಬಂದವು. ಇಪ್ಪತ್ತೊಂದು ವರ್ಷದ ಕೈ, ಸರಿ ಬರದೆ ಏನು?

ಆ ಸಂಜೆ ತೋಟಪ್ಪ ಮಿರ್ಚಿ ಭಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದ. “ನಿನ್ನ ಸೊಸಿಗೆ ಹೇಳು, ಅರ್ಜಿ ಹಾಕ್ಲಿ ಅಂತ,” ಎಂದು ದೊಡ್ಡ ದನಿಯಲ್ಲಿ ಹೇಳಿದ. ಪೂಜಿತಾ ಮರುದಿನವೇ ಹಾಕಿದಳು. ಸಂಕ್ರಾಂತಿ ಆದ ಮೇಲೆ ಸಂದರ್ಶನಕ್ಕೆ ಬರಬೇಕು ಎಂದು ದೀಪಾವಳಿಗೆ ಮೊದಲು ಕಾಗದ ಬಂತು. ಆ ಕಾಗದವನ್ನು ಅವಳು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟಳು. ದಿನಾ ದೀಪ ಹಚ್ಚುವಾಗ ಒಮ್ಮೆ ತೆಗೆದು ಓದುತ್ತಿದ್ದಳು.

ಕಾರ್ತಿಕದಲ್ಲಿ ಎರ್ರೆಪ್ಪ ಸಾಹುಕಾರರಿಗೆ ಆಸೆ ಹೆಚ್ಚಾಯಿತು. ಎಷ್ಟೋ ವರ್ಷದಿಂದ ಕಸ ಎಂದು ಬಿಸಾಕಿದ್ದ ಹಳೆಯ ಡಂಪುಗಳನ್ನು ಅಗೆಸಿ, ಆ ಪುಡಿಯನ್ನು ಒಳ್ಳೆಯ ಅದಿರಿಗೆ ಬೆರೆಸಿದರು. ತಪ್ಪೇನಲ್ಲ, ಎಲ್ಲರೂ ಬೆರೆಸುತ್ತಿದ್ದರು. ಎಷ್ಟು ಇಳಿಯಿತು ಎಂದು ಲ್ಯಾಬು ಸರಿಯಾಗಿ ಹೇಳಿದರೆ ಸಾಕಿತ್ತು. ಬೆರೆತ ಪುಡಿ ಅಂಗೈಗೆ ಭಾರವಾಗಿಯೇ ಇತ್ತು, ಟೈಲಿನ ಮೇಲಿನ ಗೆರೆಯೂ ಕೆಂಪಾಗಿಯೇ ಬಂತು. ತೋಟಪ್ಪನ ಕೈ ಅರವತ್ಮೂರು ಎಂದಿತು. ಕೊಳವೆ ಐವತ್ತೊಂಬತ್ತರ ಲೆಕ್ಕಕ್ಕೇ ನೇರಳೆ ಬಣ್ಣ ತೋರಿಸಿ ಕಾಯುತ್ತಿತ್ತು. ಅವನು ಅದನ್ನು ದಾಟಿಸಿ ಅರವತ್ಮೂರಕ್ಕೆ ಒಯ್ದು ರಿಪೋರ್ಟು ಬರೆದ. ಬಂದರಿನಲ್ಲಿ ತೆಗೆದು ನೋಡಿದರೆ ಐವತ್ತೊಂಬತ್ತೇ ಬಂತು, ಇಡೀ ರೈಲಿನ ಮಾಲು ಬೇಡ ಎಂದರು.

ಆ ಸಂಜೆ ಅಪ್ಪ ಮಗ ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ತೋಟಪ್ಪ ಕೈಕಾಲು ತೊಳೆಯದೆ ಗೋಡೆಗೊರಗಿ ಕೂತ. ಈಶ್ವರ್ ನೆಟ್ಟಗೆ ಅಡುಗೆಮನೆಗೆ ಹೋಗಿ ನೀರು ಕುಡಿದ.

“ಏನಾತು?” ಎಂದಳು ಪೂಜಿತಾ.

“ಅಪ್ಪನ್ನ ಗೇಟಿಗೆ ಹಾಕಿದ್ರು.”

“ಸಾಹುಕಾರ್ರು ಬೈದ್ರಾ?”

“ಭಾಳ. ಯಾರು ನಿಂಗ ಇದನ್ನ ಕಲಿಸಿದೋರು ಅಂದ್ರು. ಅಪ್ಪ...” ಈಶ್ವರ್ ಚೊಂಬು ಕೆಳಗಿಟ್ಟ. “ಸೊಸಿ ಹೇಳಿಕೊಟ್ಟಂಗ ಮಾಡೀನ್ರಿ, ಆಕಿ ಹೇಳಿದ್ದ ತಪ್ಪಿರಬೇಕು ಅಂದ.”

ಒಲೆಯ ಮೇಲೆ ಬೇಳೆ ಉಕ್ಕಿತು. ಯಾರೂ ಇಳಿಸಲಿಲ್ಲ.

“ಅಲ್ಲಿ ಯಾರ್ಯಾರಿದ್ರು?”

“ಪಂಪಣ್ಣ ಇದ್ರು. ನೀ ಅರ್ಜಿ ಹಾಕಿದ ಸಂಡೂರಿನ ಲ್ಯಾಬಿನೋರೂ ಇದ್ರು, ಮಾಲು ಮತ್ತ ಚೆಕ್ ಮಾಡಾಕ ಕರೆಸಿದ್ರಲ್ಲ.”

“ನೀವು?”

“ನಾನೂ ಇದ್ದೆ.”

“ಏನಂದ್ರಿ?”

ಈಶ್ವರ್ ಕೆಳಗಿಟ್ಟ ಚೊಂಬನ್ನು ಮತ್ತೆ ಎತ್ತಿಕೊಂಡ. ಅಲ್ಲಿ ಅವನು ಏನೂ ಹೇಳಿರಲಿಲ್ಲ.

ಪೂಜಿತಾಳ ಕೈಯಲ್ಲಿ ಸೌಟಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. ಕೊಟ್ರಮ್ಮ ಮೂಲೆಯಿಂದ ಸ್ಟ್ಯಾಂಡನ್ನೂ ಕೊಳವೆಯನ್ನೂ ತಂದು ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಇಟ್ಟಳು. ಸುಣ್ಣದ ತಿಳಿ ತಂದಳು. ನಿಂಬೆಹಣ್ಣು ಹಿಂಡಿದಳು. ತೋಟಪ್ಪ ಕಣ್ಣು ಕಿರಿದು ಮಾಡಿ ನೋಡಿದ.

“ಏನಿದು ನಿಂದು? ಉಣ್ಣಾಕ ನೀಡೋ ಹೊತ್ತಿನಾಗ?”

“ಉಂಡ್ರಾತು. ನೋಡ್ರಿ.”

ಮೂರು ಲೋಟ ಸಾಲಾಗಿ ಇಟ್ಟು ಒಂದೊಂದಾಗಿ ಮಾಡಿದಳು. ತಿರುಪಿನ ಮೇಲೆ ಎಡಗೈ, ಲೋಟದ ಕಂಠಕ್ಕೆ ಬಲಗೈ. ಬಳೆ ಸದ್ದಾಗಬಾರದೆಂದು ಮೊಣಕೈ ತನಕ ಏರಿಸಿಕೊಂಡಿದ್ದಳು. ಮೂರನೆಯ ಲೋಟ ಹಳದಿಯಾದಾಗ ಸರಿದು ಕೂತು, “ನೀವ ಓದ್ರಿ” ಎಂದಳು. ತೋಟಪ್ಪ ಓದಲಿಲ್ಲ. ಈಶ್ವರ್ ಬಗ್ಗಿ ಓದಿದ. ಮೂರೂ ಒಂದೇ.

“ಆಕಿ ಹೇಳಿದ್ದು ಎಲ್ಲಾ ನನ್ನ ಬಾಯಿಂದ ನಿಮಗ ಬಂದೈತಿ. ತಪ್ಪು ಹೇಳಿಕೊಟ್ಟಿದ್ರ ನಂಗೂ ತಪ್ಪ ಬರಬೇಕಿತ್ತು. ಬಂತಾ?”

“ಇದು ನಿಂಬಿಹಣ್ಣಿನ ಆಟ. ಯಾರ್ಡಿನ ಕೆಲಸ ಬ್ಯಾರೆ.”

“ಬ್ಯಾರೆ ಇರಲಿ. ನಾಳೆ ಪಂಪಣ್ಣಗ ಹೋಗಿ ಹೇಳ್ರಿ, ತಪ್ಪು ನಂದು, ಸೊಸೀದಲ್ಲ ಅಂತ. ಆಕಿದು ಸಂದರ್ಶನ ಐತಿ. ಆ ಸಂಡೂರಿನೋರ ಮುಂದ ನೀವು ಆಕಿ ಹೆಸರು ಹೇಳಿ ಬಂದೀರಿ.”

“ಗೇಟಿನಾಗ ನಿಲ್ಲಸ್ಯಾರ, ಸಾಲದಾ? ಮ್ಯಾಲೆ ಕ್ಷಮಾ ಬ್ಯಾರೆ ಕೇಳಲಾ?”

“ಕೇಳ್ರಿ. ನಾನೂ ನಿಮ್ಮನ್ನ ಕೇಳ್ತೀನಿ.” ಕೊಟ್ರಮ್ಮನ ದನಿ ಇಳಿಯಿತು. “ಆಕಿ ಒಂದು ಮಾತು ಹೇಳಿದ್ಲು, ನಾ ನಿಮಗ ಮುಟ್ಟಸಲಿಲ್ಲ. ಕೈ ನಂಬೋದು ಬಿಡ್ರಿ, ಮಾಡೋಕಿಂತ ಮೊದಲ ಇಷ್ಟ ಬರ್ತೈತಿ ಅಂದುಕೋಬ್ಯಾಡ್ರಿ ಅಂದಿದ್ಲು. ನಿಮಗ ಸಿಟ್ಟು ಬಂದ್ರ ಪಾಠ ನಿಲ್ತೈತಿ ಅಂತ ನುಂಗಿಬಿಟ್ಟೆ. ಅದು ನಂದು ತಪ್ಪು.”

ತೋಟಪ್ಪ ಗೋಡೆಯಿಂದ ಬೆನ್ನು ಎತ್ತಿದ. ಮುಖದ ಮೇಲೆ ಎಷ್ಟೋ ಹೊತ್ತಿನ ಮೇಲೆ ಸ್ವಲ್ಪ ಕಳೆ ಬಂತು.

“ನೋಡಿದ್ಯಾ? ಹಂಗಂದ್ರ ತಪ್ಪು ನಿಂದ. ಗಂಡನ ಅನ್ನಕ್ಕ ಮಣ್ಣು ಹಾಕಿದೋಳು ನೀನ. ನಾ ಯಾಕ ಹೋಗಿ ಯಾರ ಮುಂದ ತಲಿ ಬಗ್ಗಸ್ಲಿ?”

ಮಗನ ಕಡೆ ತಿರುಗಿ, “ಕೇಳಿದ್ಯೇನೋ ನಿಮ್ಮವ್ವನ ಕಥೀ” ಎಂದ. ಆಮೇಲೆ ಕೈ ತೊಳೆದು ನಾಲ್ಕು ರೊಟ್ಟಿ ಉಂಡ.

ಕೊಟ್ರಮ್ಮ ಎರಡು ವಾರ ಗಂಡನ ಬೆನ್ನು ಬಿದ್ದಳು. ಎಣ್ಣೆ ಹಚ್ಚುವಾಗ ಹೇಳಿದಳು, ಎಲೆ ಅಡಿಕೆ ಕೊಡುವಾಗ ಹೇಳಿದಳು. ಈ ಸಲ ಅವನು ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ, ‘ನೋಡೂಣು’ ಎಂದ. ನೀವಾದರೂ ಹೋಗಿ ಹೇಳಿ ಎಂದು ಪೂಜಿತಾ ಗಂಡನನ್ನು ಕೇಳಿದಳು. ಅಪ್ಪನ ಮಾತು ಸುಳ್ಳು ಮಾಡಿದರೆ ಯಾರ್ಡಿನಲ್ಲಿ ಮುಖ ಎತ್ತಿ ತಿರುಗುವುದು ಹೇಗೆ ಎಂದ ಅವನು. ಈ ಮನೆಯ ಗಂಡಸರ ಮುಖಗಳು ಎಷ್ಟು ತೂಕವೋ, ಎತ್ತಿ ಹಿಡಿಯುವುದಕ್ಕೆ ಯಾವಾಗಲೂ ಹೆಂಗಸರೇ ಬೇಕು.

ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯಿತು. ಪೂಜಿತಾ ನಸುಕಿನಲ್ಲೇ ಎದ್ದು ರೊಟ್ಟಿ, ಪಲ್ಯ ಮುಗಿಸಿಟ್ಟು, ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ಸಂಡೂರಿನ ಬಸ್ಸು ಹತ್ತಿದಳು. ಮಧ್ಯಾಹ್ನ ಎರಡಕ್ಕೆ ತಿರುಗಿ ಬಂದಳು. ಸೀರೆಯ ಅಂಚಿನಿಂದ ಮೊಣಕಾಲಿನ ತನಕ ಕೆಂಪು ಧೂಳು.

“ಏನ್ ಕೇಳಿದ್ರವ್ವ?” ಎಂದಳು ಕೊಟ್ರಮ್ಮ.

“ಒಂದ ಕೇಳಿದ್ರು. ಎರ್ರೆಪ್ಪ ಸಾಹುಕಾರ್ರ ಯಾರ್ಡಿನ ತೋಟಪ್ಪನವರ ಸೊಸಿ ನೀವ ಏನು ಅಂದ್ರು. ಹೌದ್ರಿ ಅಂದೆ. ಅವರಿಗೆ ಕಲಿಸಿದೋರು ನೀವ ಏನು ಅಂದ್ರು.”

“ನೀ ಏನಂದಿ?”

“ಹೌದ್ರಿ ಅಂದೆ. ಕೊಳವಿ ಕೊಡ್ರಿ, ನಿಮ್ಮ ಮುಂದ ಮಾಡಿ ತೋರಸ್ತೀನಿ ಅಂದೆ. ಇನ್ನೂ ಭಾಳ ಮಂದಿ ಕುಂತಾರ, ಟೈಮಿಲ್ಲ ಅಂದ್ರು. ಕಾಗದ ಮಡಚಿ ನನ್ನ ಕೈಯಾಗ ಕೊಟ್ಟು, ಮನ್ಯಾಗ ಇನ್ನೊಮ್ಮೆ ಪುಸ್ತಕ ಓದ್ಕೋರಿ ಅಂತ ನಕ್ಕರು.”

ಅಳಲಿಲ್ಲ ಅವಳು. ಸೀರೆ ಬದಲಿಸಿ ಬಂದು, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಗೋಡೆಯ ಮೇಲಿನ ಇದ್ದಲಿನ ಅಂಕಿಗಳನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಕೊಟ್ರಮ್ಮ ಅವಳ ಕೈ ಹಿಡಿದಳು. “ಅವು ನನ್ನವು, ಇರಲಿ,” ಎಂದಳು. ಅರ್ಧ ಅಳಿಸಿದ ಹದಿನಾರು ಪಾಯಿಂಟ್ ನಾಲ್ಕು ಅಲ್ಲೇ ಉಳಿಯಿತು.

ಸಂಜೆ ತೋಟಪ್ಪ ಗೇಟಿನ ಕೆಲಸ ಮುಗಿಸಿ ಬಂದ. ದಿನವೆಲ್ಲ ಟಿಪ್ಪರುಗಳ ಧೂಳು ನುಂಗಿ ಗಂಟಲು ಒಣಗಿತ್ತು. ಈಶ್ವರ್ ಇನ್ನೂ ಬಂದಿರಲಿಲ್ಲ. ತೋಟಪ್ಪ ಪಡಸಾಲೆಯಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

“ಲೇ, ನಿನ್ನ ಸೊಸಿಗೆ ಹೇಳು, ಒಂದು ಲೋಟ ನೀರು ತರಾಕ.”

ಕೊಟ್ರಮ್ಮ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

“ಕೇಳಲಿಲ್ಲೇನು?”

“ಕೇಳ್ತು. ಆಕಿಗೂ ಕೇಳೇತಿ, ಇಲ್ಲೇ ಬಾಗಿಲ ಹಿಂದ ಅದಾಳ. ಬೇಕಾದ್ರ ನೀವ ಕೇಳ್ರಿ. ಹೆಸರು ಪೂಜಿತಾ ಅಂತ.”

“ಏನ್ ಮಾತು ಆಡ್ತಿ ನೀನು?”

“ನಾ ಇನ್ನ ಯಾರ ಮಾತೂ ಹೊರಂಗಿಲ್ಲ. ಹೊತ್ತು ಹೊತ್ತು ಆ ಹುಡುಗಿ ಬಾಳೇವು ಕೆಡಿಸಿದೆ. ಆಕಿಗೆ ಏನಾರ ಹೇಳೋದಿದ್ರ ಆಕೀನ ಕರೀರಿ. ತಪ್ಪಾತು ಅನ್ನೋದಿದ್ರೂ ಆಕಿಗೆ ಅನ್ರಿ. ನೀರು ಬೇಕಾದ್ರೂ ಆಕೀನ ಕೇಳ್ರಿ.”

ತೋಟಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಕೆಳಗೆ ಸೊಸೆಯ ಕಾಲ್ಬೆರಳು, ಕಾಲುಂಗುರ ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ. ಅವಳು ಕಾಯುತ್ತಿದ್ದಳು, ಒಂದು ಸಲ ಕೇಳಿದ್ದರೆ ತಂದೇ ಕೊಡುತ್ತಿದ್ದಳೇನೋ. ಹೊರಗೆ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ಬಹಳ ಹೊತ್ತಾದ ಮೇಲೆ ಅವನೇ ಎದ್ದ. ಹೆಂಡತಿಯನ್ನು ದಾಟಿ, ಸೊಸೆಯ ಮುಖ ನೋಡದೆ ಅಡುಗೆಮನೆಯೊಳಗೆ ಹೋದ. ಕೊಡ ಕಾಣಿಸಿತು. ಲೋಟಕ್ಕಾಗಿ ಗೋಡೆಯ ಗೂಡು ನೋಡಿದ, ಕಪಾಟು ತೆಗೆದ, ಡಬ್ಬಿಗಳನ್ನು ಸರಿಸಿದ. ತಾನೇ ಕಟ್ಟಿಸಿದ ಮನೆಯಲ್ಲಿ ಲೋಟ ಎಲ್ಲಿಡುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇಬ್ಬರು ಹೆಂಗಸರು ಎರಡು ಅಡಿ ದೂರದಲ್ಲಿದ್ದರು. ಅವನು ಯಾರನ್ನೂ ಕೇಳಲಿಲ್ಲ.